ಗೋಪುರದ ಕೆಳಗಿನ ಬಿಳಿ ಹಾವು

ನಿನ್ನೆ ರಾತ್ರಿ 2011ರ ‘ದಿ ಸಾರ್ಸರರ್ ಅಂಡ್ ದಿ ವೈಟ್ ಸ್ನೇಕ್’ ಸಿನಿಮಾ ನೋಡಿದೆ. ಜೆಟ್ ಲೀ ಇದ್ದಾರೆ ಅಂತ ಹೊಡೆದಾಟ ನೋಡೋಕೆ ಕೂತಿದ್ದು. ಆದರೆ ಕಣ್ಣು ತುಂಬಿಸಿದ್ದು ಕೊನೆಯ ದೃಶ್ಯ. ಮನುಷ್ಯನನ್ನು ಮದುವೆಯಾದ ಬಿಳಿ ಹಾವನ್ನು ಗೋಪುರದ ಕೆಳಗೆ ಬಂಧಿಸಿಟ್ಟ ಸನ್ಯಾಸಿ ಫಾಹೈ, ಆ ಗೋಪುರವನ್ನೇ ಮೇಲೆತ್ತುತ್ತಾನೆ. ಒಳಗಿದ್ದ ಬಿಳಿ ಹಾವು ಹೆಣ್ಣಾಗಿ ಹೊರಗೆ ಬರುತ್ತಾಳೆ, ಸ್ವಲ್ಪವೇ ಹೊತ್ತು. ಎದುರಿಗೆ ಗಂಡ ನಿಂತಿದ್ದಾನೆ. ಅವನಿಗೆ ಅವಳ ನೆನಪೇ ಇಲ್ಲ. ಅಬ್ಬಾ, ಎದೆ ಹಿಂಡಿತು.

ಇದು ಚೀನಾದ ಹಾಂಗ್‌ಝೌ ಊರಿನ ಪಶ್ಚಿಮ ಸರೋವರದ ಹಳೇ ಕಥೆ. ಜನ ಹೇಳುವ ಕಥೆಯಲ್ಲಿ ಮಳೆಗೆ ಒಂದು ಛತ್ರಿ ಎರವಲು ಕೊಟ್ಟಲ್ಲಿಂದ ಪ್ರೀತಿ ಶುರು. ಎಷ್ಟು ಚಂದ ಅಲ್ವಾ?

ಅವಳನ್ನು ಬಂಧಿಸಿಟ್ಟ ಲೇಫೆಂಗ್ ಗೋಪುರ ನಿಜವಾಗಿಯೂ ಅಲ್ಲಿತ್ತು. ಅದರ ಇಟ್ಟಿಗೆಯಲ್ಲಿ ಕಾಯಿಲೆ ವಾಸಿ ಮಾಡುವ ಶಕ್ತಿ ಇದೆ ಅಂತ ನಂಬಿ ಜನ ಕಿತ್ತುಕೊಂಡು ಹೋಗುತ್ತಿದ್ದರಂತೆ. 1924ರಲ್ಲಿ ಅದು ಕುಸಿದು ಬಿತ್ತು. ಈಗಿರುವುದು 2002ರಲ್ಲಿ ಮತ್ತೆ ಕಟ್ಟಿದ್ದು.

ರಾತ್ರಿಯೆಲ್ಲಾ ಆ ಇಟ್ಟಿಗೆಗಳದ್ದೇ ಯೋಚನೆ. ಮನೆಯಲ್ಲಿ ಮಲಗಿದ ಮಗುವಿಗೋಸ್ಕರ ಯಾರೋ ಒಬ್ಬ ತಾಯಿ ಒಂದು ಚೂರು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಿರಬಹುದು. ತನಗೇ ಗೊತ್ತಿಲ್ಲದೆ ಒಳಗಿದ್ದವಳಿಗೆ ಅಷ್ಟು ದಾರಿ ಬಿಡಿಸಿದ್ದಳು.