ಹಾಟ್ ಫ್ಲಾಶ್‌ಗೆ ಚೀನಾ ಕಷಾಯನಾ, ಹಾರ್ಮೋನಾ?

ಮುಟ್ಟು ನಿಲ್ಲೋ ಟೈಮಲ್ಲಿ ಎದೆಯಿಂದ ಶುರುವಾಗಿ ಕುತ್ತಿಗೆ, ಕೆನ್ನೆ, ಕಿವಿವರೆಗೂ ಝಳ ಏರಿ, ಬೆವರು ಕಿತ್ಕೊಂಡು ಬಂದು, ಅದು ಆರೋ ಹೊತ್ತಿಗೆ ಚಳಿ ಹತ್ತುತ್ತಲ್ಲ, ಅದೇ ಹಾಟ್ ಫ್ಲಾಶ್. ನಡುರಾತ್ರಿ ಎದ್ದು ನೈಟಿ ಬದಲಾಯಿಸೋರಿಗೇ ಗೊತ್ತು ಅದರ ಕಷ್ಟ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದಾಗ, ಮೈಯ ಶಾಖ ನೋಡ್ಕೊಳ್ಳೋ ಮೆದುಳಿನ ಭಾಗವಾದ ಹೈಪೊಥಲಮಸ್ ಒಂಚೂರು ಬಿಸಿಯನ್ನೂ ವಿಪರೀತ ಶಾಖ ಅಂದ್ಕೊಂಡು ಮೈಯನ್ನ ತಣ್ಣಗೆ ಮಾಡೋಕೆ ಹೊರಡುತ್ತೆ. "ವಯಸ್ಸಾಯ್ತು, ಸಹಿಸ್ಕೋ" ಅನ್ನೋ ಮಾತು ಮಾತ್ರ ನಂಗೆ ಹಿಡಿಸಲ್ಲ.

ಕಮ್ಮಿಯಾದ ಈಸ್ಟ್ರೋಜನ್ನನ್ನ ಮಾತ್ರೆಲೋ ಚರ್ಮಕ್ಕೆ ಅಂಟಿಸೋ ಪ್ಯಾಚಲ್ಲೋ ಕೊಡೋದೇ ಹಾರ್ಮೋನ್ ಚಿಕಿತ್ಸೆ. ಆದ್ರೆ ನನ್ನ ಫ್ರೆಂಡ್ ಒಬ್ಳು "ಹಾರ್ಮೋನ್ ಬೇಡ ಕಣೇ, ಕ್ಯಾನ್ಸರ್ ಬರುತ್ತೆ, ಚೀನಾ ಮೂಲಿಕೆ ನ್ಯಾಚುರಲ್ ಅಲ್ವಾ" ಅಂದ್ಳು. ಈ ಭಯ ಹೆಚ್ಚಾಗಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನೋ ದೊಡ್ಡ ಅಧ್ಯಯನ ತನ್ನ ಹಾರ್ಮೋನ್ ಪ್ರಯೋಗದ ಒಂದು ಭಾಗನ ಅರ್ಧಕ್ಕೇ ನಿಲ್ಲಿಸಿದಾಗ. ಅದರಲ್ಲಿದ್ದ 16,608 ಹೆಂಗಸರ ಸರಾಸರಿ ವಯಸ್ಸು 63! ಎರಡು ಹಾರ್ಮೋನ್ ಸೇರಿದ ಮಾತ್ರೆ ತಗೊಂಡ 10,000 ಜನರಲ್ಲಿ ವರ್ಷಕ್ಕೆ ಸುಮಾರು 8 ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಅಪಾಯ ಇಲ್ಲ ಅಂತಲ್ಲ, ಆದ್ರೆ 60 ದಾಟದೇ ಇರೋರಿಗೆ, ಅಥವಾ ಮುಟ್ಟು ನಿಂತು 10 ವರ್ಷದೊಳಗಿನವರಿಗೆ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋ ತೊಂದರೆ ಎಲ್ಲ ಆಗಿಲ್ದಿದ್ರೆ, ಸಾಮಾನ್ಯವಾಗಿ ಲಾಭದ ಕಡೆನೇ ತೂಕ ಜಾಸ್ತಿ ಅಂತ ಈಗ ಡಾಕ್ಟರ್‌ಗಳು ಹೇಳ್ತಾರೆ. ಗರ್ಭಕೋಶ ಇದ್ರೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೆರಾನ್ ಥರದ ಇನ್ನೊಂದು ಹಾರ್ಮೋನ್ ಬೇಕೇ ಬೇಕು, ಇಲ್ದಿದ್ರೆ ಗರ್ಭಕೋಶದ ಒಳಪದರ ದಪ್ಪ ಆಗಿ ಅಲ್ಲೇ ಕ್ಯಾನ್ಸರ್ ಭಯ.

ಇನ್ನು ಚೀನಾ ವೈದ್ಯ. ನಾಲಿಗೆ ನೋಡ್ತಾರೆ, ಮಣಿಕಟ್ಟಲ್ಲಿ ಮೂರು ಬೆರಳಿಟ್ಟು ನಾಡಿ ಹಿಡೀತಾರೆ, ಕಿಡ್ನಿಯ 'ಯಿನ್', ಅಂದ್ರೆ ಅವರ ಲೆಕ್ಕದಲ್ಲಿ ಮೈಯನ್ನ ತಂಪಾಗಿಡೋ ಶಕ್ತಿ, ಕಮ್ಮಿಯಾಗಿದೆ ಅಂತಾರೆ. ಎರ್ ಷಿಯಾನ್ ಟಾಂಗ್ ಅನ್ನೋ ಆರು ಮೂಲಿಕೆಯ ಕಷಾಯ ಇದಕ್ಕೆ ಫೇಮಸ್ಸು. ಸಾವಿರಾರು ವರ್ಷದ್ದು ಅನ್ಕೋಬೇಡಿ, 1950ರ ದಶಕದಲ್ಲಿ ಶಾಂಘೈನಲ್ಲಿ ರೂಪಿಸಿದ್ದು. ಕೆಲಸ ಮಾಡುತ್ತಾ? ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ ಚೀನಾ ಮೂಲಿಕೆಗಳ 22 ಪ್ರಯೋಗ, 2,902 ಹೆಂಗಸರನ್ನ ನೋಡಿ, ಪ್ಲಸೀಬೊಗಿಂತ (ಔಷಧಿ ಅಂಶನೇ ಇಲ್ಲದ ಹುಸಿ ಮದ್ದು) ಮೇಲು ಅನ್ನೋಕೆ ಪುರಾವೆ ಸಾಲದು ಅಂತು. ಹಾಟ್ ಫ್ಲಾಶ್‌ಗೆ ಬರೀ ಪ್ಲಸೀಬೊ ಕೊಟ್ರೂ ಎಷ್ಟೋ ಜನಕ್ಕೆ ಕಮ್ಮಿ ಆಗುತ್ತೆ, ಹಾಗಾಗಿ "ನಂಗೆ ವಾಸಿ ಆಯ್ತು" ಅನ್ನೋರು ಸುಳ್ಳು ಹೇಳ್ತಿಲ್ಲ, ಆದ್ರೆ ಅಷ್ಟರಿಂದ ಮೂಲಿಕೆದೇ ಗುಣ ಅಂತ ಹೇಳೋಕಾಗಲ್ಲ.

ಮತ್ತೆ ಈ ನ್ಯಾಚುರಲ್ ಅನ್ನೋ ಸಮಾಧಾನ ನನ್ನನ್ನ ನಿಜಕ್ಕೂ ಕಾಡುತ್ತೆ. ಆ ಕಷಾಯದಲ್ಲೂ ಇರೋ ಡಾಂಗ್ ಗುಯಿ ಬೇರು, ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೆ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಆ ಕಡೆ ಹಾರ್ಮೋನ್ ಪ್ಯಾಚಲ್ಲಿರೋ ಎಸ್ಟ್ರಾಡಿಯೋಲ್ ಅನ್ನೋ ಈಸ್ಟ್ರೋಜನ್ ನಮ್ಮ ಓವರಿಲೇ ತಯಾರಾಗ್ತಿದ್ದ ಹಾರ್ಮೋನೇ.

ಏನೇ ಕುಡೀತಿದ್ರೂ ಡಾಕ್ಟರ್ ಹತ್ರ ಮುಚ್ಚಿಡ್ಬೇಡಿ, ಪೊಟ್ಟಣನೇ ತಗೊಂಡ್ಹೋಗಿ ತೋರ್ಸಿ. ಮುಟ್ಟು ನಿಂತು ವರ್ಷ ಆದ್ಮೇಲೆ ಮತ್ತೆ ಬ್ಲೀಡಿಂಗ್ ಕಂಡ್ರೆ, ಕಷಾಯ ಆಗ್ಲಿ ಪ್ಯಾಚ್ ಆಗ್ಲಿ, ಅದರಿಂದಲೇ ಇರ್ಬೇಕು ಅಂತ ಸುಮ್ನಿರದೆ ಬೇಗ ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ.