ಫೋನಲ್ಲೇ ಮ್ಯಾಪ್ ಇರುವಾಗ ನಿಮ್ಮದೇನು ಕೆಲಸ?

ಪ್ರಶ್ನೆ ಪೂರ್ತಿ ಹೀಗಿರುತ್ತದೆ: "ಮ್ಯಾಪ್ ಎಲ್ಲರ ಫೋನಲ್ಲೂ ಇದೆಯಲ್ಲ ಸಾರ್, ಭೂಗೋಳ ಅಂತ ಏನ್ ಪಾಠ ಮಾಡ್ತೀರಿ? ಅದೂ ಕಮ್ಯುನಿಟಿ ಕಾಲೇಜಲ್ಲಿ?" ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ.

ಮೊದಲು ಆ ಎರಡನೇ ವಾಕ್ಯ. ಅದನ್ನು ಹೇಳುವಾಗ ದನಿ ಇಳಿಯುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವಂತೆ ಎಂದು ವಿಚಾರಿಸುವ ಹಾಗೆ. ಸ್ವಾಮಿ, ಈ ರಾಜ್ಯದಲ್ಲಿ ಇಂಥ ಎರಡು ವರ್ಷದ ಸರ್ಕಾರಿ ಕಾಲೇಜುಗಳು 116 ಇವೆ. ಇಲ್ಲಿಯವರಿಗೆ ಶುಲ್ಕ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ನನ್ನ ಮೂರು ಯೂನಿಟ್ಟಿನ ಕ್ಲಾಸಿಗೆ 138. ಪ್ರವೇಶ ಪರೀಕ್ಷೆ ಇಲ್ಲ. ಎರಡು ವರ್ಷ ಓದಿ, ಗ್ರೇಡು ಚೆನ್ನಾಗಿದ್ದರೆ ಮೂರನೇ ವರ್ಷಕ್ಕೆ ಬರ್ಕ್ಲಿ, ಡೇವಿಸ್‌ನಂಥ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ಒಂದು ಯುಗಾದಿ ಊಟದಲ್ಲಿ ಒಬ್ಬರು ಎಲ್ಲರೆದುರು ಈ ಪ್ರಶ್ನೆ ಕೇಳಿ ನಕ್ಕರು. ಎಲೆ ಎತ್ತುವಷ್ಟರಲ್ಲಿ ಪಕ್ಕಕ್ಕೆ ಕರೆದು, "ಮಗನಿಗೆ ಬರ್ಕ್ಲಿ ಆಗ್ಲಿಲ್ಲ, ನಿಮ್ಮಲ್ಲಿ ಟ್ರಾನ್ಸ್‌ಫರ್ ಹೇಗೆ?" ಅಂದರು. ವಿವರವಾಗಿ ಹೇಳಿದೆ. ಅಷ್ಟರಲ್ಲಿ ಹೋಳಿಗೆ ಖಾಲಿಯಾಗಿತ್ತು. ಅದೊಂದು ಸಿಟ್ಟು ಇನ್ನೂ ಇದೆ.

ಈಗ ಮ್ಯಾಪು. ರಾಜಧಾನಿಗಳ ಹೆಸರು ಬಾಯಿಪಾಠ ಮಾಡಿಸುತ್ತೇನೆ ಅಂತ ನಿಮ್ಮ ಲೆಕ್ಕ. ತಟ್ಟೆ ಹಿಡಿದುಕೊಂಡೇ "ಮಂಗೋಲಿಯಾ?" ಎಂದು ಪರೀಕ್ಷಿಸುವವರೂ ಇದ್ದಾರೆ. ಉಲಾನ್‌ಬಾತರ್. ಆಯ್ತಾ? ನನಗೆ ಸಂಬಳ ಕೊಡುವುದು ಇದಕ್ಕಲ್ಲ.

ನಮ್ಮ ಕಾಲೇಜು ಇರುವುದು ಸ್ಯಾನ್ ವಾಕೀನ್ ಕಣಿವೆಯಲ್ಲಿ. ನೀವು ನೆನೆಹಾಕಿ ತಿನ್ನುವ ಬಾದಾಮಿಯ ಸೀಮೆ. ರಾತ್ರಿ ಕ್ಲಾಸಿಗೆ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಿಂದ ನೇರವಾಗಿ ಬರುವವರಿರುತ್ತಾರೆ. ಅವರಿಗೆ ಮೊದಲು ತೋರಿಸುವುದು 1977ರ ಒಂದು ಫೋಟೊ. ಮೆಂಡೋಟಾ ಊರಿನ ಹತ್ತಿರ ಒಂದು ಕಂಬ, ಬುಡದಲ್ಲಿ ಜೋಸೆಫ್ ಪೋಲಂಡ್ ಎಂಬ ಭೂಜಲ ವಿಜ್ಞಾನಿ. ಅವರ ತಲೆಯ ಎಷ್ಟೋ ಮೇಲೆ '1925' ಎಂಬ ಫಲಕ, ನಡುವೆ '1955'. ಆಯಾ ವರ್ಷ ನೆಲ ಇದ್ದದ್ದು ಅಲ್ಲಿ. ಹೊಲಗಳಿಗೆ ಅಂತರ್ಜಲ ಎಳೆದೂ ಎಳೆದೂ ಕೆಳಗಿನ ಜೇಡಿಪದರಗಳು ಕುಗ್ಗಿ, ನೆಲ ಸುಮಾರು 9 ಮೀಟರ್ ಇಳಿದಿತ್ತು. ಮೆಂಡೋಟಾಕ್ಕೆ ದಾರಿ ನಿಮ್ಮ ಫೋನು ಹೇಳುತ್ತದೆ, ಸರಿ. ದಾರಿಯೇ ಕುಸಿದಿದೆ ಅಂತ ಹೇಳುತ್ತದಾ?

ಇನ್ನು ಟುಲೇರಿ ಸರೋವರ. ಒಂದು ಕಾಲಕ್ಕೆ ಮಿಸಿಸಿಪ್ಪಿಯ ಪಶ್ಚಿಮಕ್ಕೆ ಅದಕ್ಕಿಂತ ದೊಡ್ಡ ಸಿಹಿನೀರಿನ ಸರೋವರ ಇರಲಿಲ್ಲ. ಅದಕ್ಕೆ ಬಂದು ಸೇರುತ್ತಿದ್ದ ನದಿಗಳನ್ನು ಕಾಲುವೆಗೆ ತಿರುಗಿಸಿ, ಒಣಗಿದ ತಳವನ್ನು ಉತ್ತು ಬೆಳೆ ಇಟ್ಟರು. 2023ರ ಮಳೆ, ಹಿಮಕ್ಕೆ ಅದು ತನ್ನ ಜಾಗಕ್ಕೆ ವಾಪಸ್ ಬಂತು. "ಇದು ಪ್ರವಾಹವೋ, ಸರೋವರವೋ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಬೆಳೆ ಮುಳುಗಿದವರ ಉತ್ತರ ಒಂದು, ಅದರ ದಡದಲ್ಲೇ ತಲೆಮಾರುಗಳಿಂದ ಬದುಕಿ ಅದನ್ನು ಪಾಆಶಿ ಎಂದು ಕರೆಯುತ್ತಿದ್ದ ಯೋಕುಟ್ಸ್ ಎಂಬ ಮೂಲನಿವಾಸಿಗಳದು ಇನ್ನೊಂದು. ಅವತ್ತು ನನ್ನ ಪಾಠ ನಡೆಯಲಿಲ್ಲ. ಕ್ಲಾಸು ಪೂರ್ತಿ ಜಗಳ.

ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ನಾವು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ರಾತ್ರಿಯಿಡೀ ಹೇಳುತ್ತೇನೆ. ಉತ್ತರ ಕ್ಯಾಲಿಫೋರ್ನಿಯಾದ ನೀರನ್ನು ದಕ್ಷಿಣದ ಊರುಗಳಿಗೆ ದಾಟಿಸಲು ಟೆಹಾಚಾಪಿ ಬೆಟ್ಟದ ಬುಡದಲ್ಲಿ ಒಂದೇ ಏಟಿಗೆ 580 ಮೀಟರಿಗೂ ಹೆಚ್ಚು ಮೇಲೆತ್ತುತ್ತಾರೆ. ಹುಚ್ಚು ಅನಿಸಿತೇ? ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಬರುವುದೂ ಮೂರು ಹಂತದ ಪಂಪುಗಳಲ್ಲಿ ಸುಮಾರು 500 ಮೀಟರ್ ಹತ್ತಿಕೊಂಡೇ, ಹತ್ತಿರ ಹತ್ತಿರ 100 ಕಿಲೋಮೀಟರ್ ದೂರ. ಜಯನಗರದಲ್ಲಿ ಹುಟ್ಟಿ ಬೆಳೆದ ಇಂಜಿನಿಯರ್ ಒಬ್ಬರಿಗೆ ಇದನ್ನು ಹೇಳಿದರೆ, "ಹೌದಾ? ನೀರು ತಾನಾಗೇ ಇಳಿದು ಬರುತ್ತೆ ಅಂದ್ಕೊಂಡಿದ್ದೆ" ಅಂದರು. ಮುಂದಿನ ಸೆಮಿಸ್ಟರಿಗೆ ಸೀಟು ಖಾಲಿ ಇದೆ ಸಾರ್, ಬನ್ನಿ. ಪ್ರವೇಶ ಪರೀಕ್ಷೆ ಇಲ್ಲ ಅಂತ ಆಗಲೇ ಹೇಳಿದೆನಲ್ಲ.