ಹಾಳೆ ತಟ್ಟೆಯ ಅಂಚು

14 ಜುಲೈ 2025, ಸೋಮವಾರ
ತೀರ್ಥಹಳ್ಳಿ

ಬೆಳಗ್ಗೆಯಿಂದ ಬಿಡದ ಮಳೆ. ಮಧ್ಯಾಹ್ನ ಭಾವ ಬಂದವರೇ ಒಂದು ಅಡಿಕೆ ಹಾಳೆಯ ತಟ್ಟೆಯನ್ನು ಜಗಲಿಯ ಮೇಲಿಟ್ಟರು. "ನೋಡು ಮಾರಾಯ್ತಿ, ಇದು ನಮ್ಮ ಮಷಿನ್‌ದಲ್ಲ."

ವೀಳ್ಯದೆಲೆಯ ಆಕಾರ. ನಡುವೆ ನರದ ಹಾಗೆ ಎದ್ದ ಗೆರೆ. ತುದಿಯಲ್ಲಿ ಚಟ್ನಿಗೆಂದು ಪುಟ್ಟ ಗುಳಿ. ಎಲ್ಲ ಭಾವನ ಅಚ್ಚಿನದೇ, ಯಾರೋ ನಕಲು ಮಾಡಿದ್ದು.

ಆ ಗುಳಿಗಾಗಿ ಅವರು ಪಟ್ಟ ಪಾಡು ನಾನು ನೋಡಿದ್ದೇನೆ. ನೆನೆಸಿದ ಹಾಳೆ ಬಿಸಿ ಅಚ್ಚಿನಡಿ ಹೋದರೆ ಸರಿಯಾಗಿ ಅಲ್ಲೇ ಸೀಳುತ್ತಿತ್ತು. ಆಳ ತಗ್ಗಿಸಿ, ಅಂಚನ್ನು ಚೂರು ಬಳುಕಿಸಿ, ಮೂರು ಸಲ ಲೇತ್‌ನವರ ಹತ್ತಿರ ಓಡಿದ್ದರು.

ಸಂಜೆ ಶಿವಮೊಗ್ಗದ ವಕೀಲೆ ಗೆಳತಿಗೆ ಫೋನ್ ಮಾಡಿದೆ. ಅವಳ ಮೊದಲ ಪ್ರಶ್ನೆ: "ಫೋಟೋ ಎಲ್ಲಾದ್ರೂ ಹಾಕಿದ್ರಾ?" ಹಾಕಿದ್ದೆವು. ಯುಗಾದಿಗೆ ಫೇಸ್‌ಬುಕ್‌ಗೆ ಹಾಕಿದ್ದು ನಾನೇ.

ಅಲ್ಲೇ ಕೆಟ್ಟಿದ್ದು. 2000ರ ಡಿಸೈನ್ಸ್ ಆ್ಯಕ್ಟ್ ಕಾಯುವುದು ಕಣ್ಣಿಗೆ ಕಾಣುವ ರೂಪವನ್ನು: ಆಕಾರ, ಗೆರೆ, ಬಣ್ಣ, ಅಲಂಕಾರ. ನೋಂದಣಿಯಾದರೆ 10 ವರ್ಷ, ಆಮೇಲೆ ಇನ್ನೂ 5. ಒಬ್ಬ ವ್ಯಕ್ತಿ ಹಾಕುವ ಅರ್ಜಿಗೆ ಶುಲ್ಕ ಬರೀ 1000 ರೂಪಾಯಿ. ಆದರೆ ಅರ್ಜಿಗೆ ಮೊದಲು ಆ ವಿನ್ಯಾಸ ಈ ದೇಶದಲ್ಲಾಗಲಿ ಹೊರಗಾಗಲಿ ಪ್ರಕಟವಾಗಿರಬಾರದು. ನಮ್ಮದೇ ಫೋಟೋ ನಮಗೇ ಅಡ್ಡ ಬರುತ್ತದೆ.

"ಭಾವ ಬರೆದ ಚಿತ್ರಕ್ಕೆ ಕಾಪಿರೈಟ್ ಇಲ್ವಾ?" ಎಂದು ಕೇಳಿದೆ. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಮಷಿನ್‌ನಲ್ಲಿ 50ಕ್ಕಿಂತ ಜಾಸ್ತಿ ತೆಗೆದರೆ ಅದೂ ಮುಗಿಯಿತಂತೆ. ನಾವು ಒಂದೇ ಬೆಳಗ್ಗೆಗೆ ಅದನ್ನು ದಾಟಿರುತ್ತೇವೆ.

ಗುರುತಿಸಲ್ಪಟ್ಟ ವಸ್ತುಪ್ರದರ್ಶನದಲ್ಲಿ ಇಡುವವರಿಗೆ ಮಾತ್ರ, ತೋರಿಸಿದ ಮೇಲೂ ಅರ್ಜಿ ಹಾಕಲು ಆರು ತಿಂಗಳ ರಿಯಾಯಿತಿ. ಅದಕ್ಕೂ ಪ್ರದರ್ಶನಕ್ಕೆ ಮುಂಚೆಯೇ ನೋಟಿಸ್ ಕೊಡಬೇಕು. ಅದೇ ಆರು ತಿಂಗಳನ್ನು ಎಲ್ಲರಿಗೂ ಕೊಟ್ಟಿದ್ದರೆ ಏನಾಗುತ್ತಿತ್ತು? ತೋಟದ ಮೂಲೆಯಲ್ಲಿ ಅಚ್ಚು ಮಾಡುವವರು ಮೊದಲು ನಾಲ್ಕು ಜನಕ್ಕೆ ತೋರಿಸುತ್ತಾರೆ, ಆಮೇಲೆ ವಕೀಲರನ್ನು ಹುಡುಕುತ್ತಾರೆ. ಅದು ಸಹಜ ಅಲ್ವಾ? ನನಗಂತೂ ಇದು ನ್ಯಾಯ ಅನಿಸಲಿಲ್ಲ.

ಭಾವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಒಳಗೆ ಹೋಗಿ ಹೊಸ ಬಟ್ಟಲೊಂದನ್ನು ತಂದರು. ಅಂಚು ತಾವರೆ ಮೊಗ್ಗಿನ ಎಸಳಿನ ಹಾಗೆ. ಅಕ್ಕನಿಗೂ ನನಗೂ ಬಿಟ್ಟು ಯಾರಿಗೂ ತೋರಿಸಿಲ್ಲ.

ನಾಳೆ ಹೊಳವಾದರೆ ಬಿಳಿ ಪಂಚೆ ಹಾಸಿ ಮೇಲಿಂದ, ಕೆಳಗಿಂದ, ನಾಲ್ಕೂ ಬದಿಯಿಂದ ಫೋಟೋ ತೆಗೆಯಬೇಕು. ಅರ್ಜಿಗೆ ಮಾತ್ರ.